ಮೂರು ಜಾಗಕ್ಕೆ ಒಂದೇ ಕೊಟೇಶನ್: ಅಕ್ಕಿ ಗಿರಣಿ, ಜಿನ್ನಿಂಗ್ ಮಿಲ್ಲು, ಸೋಲಾರ್ ಜಮೀನಿನ ಕಾವಲು

ಪ್ರಶ್ನೆ: ದಾವಣಗೆರೆಯ ಲೋಕಿಕೆರೆ ರಸ್ತೆಯಲ್ಲಿ ನಮ್ಮದೊಂದು ಅಕ್ಕಿ ಗಿರಣಿ ಇದೆ, ಪಕ್ಕದಲ್ಲೇ ಮೆಕ್ಕೆಜೋಳದ ಗೋದಾಮು. ಚಿತ್ರದುರ್ಗದ ಹೊರಗೆ ಮಾವನವರ ಹತ್ತಿ ಜಿನ್ನಿಂಗ್ ಮಿಲ್ಲನ್ನೂ (ಹತ್ತಿಯಿಂದ ಬೀಜ ಬೇರ್ಪಡಿಸುವ ಗಿರಣಿ) ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಚಳ್ಳಕೆರೆ ಕಡೆ ಐದು ಎಕರೆಯಲ್ಲಿ 1 ಮೆಗಾವಾಟ್ ಸೋಲಾರ್ ಹಾಕಿದ್ದೇವೆ. ಹೋದ ತಿಂಗಳು ಅಲ್ಲಿ ಕೇಬಲ್ ಕಳುವಾಯಿತು. ಸೆಕ್ಯುರಿಟಿ ಏಜೆನ್ಸಿಯವರು ಮೂರೂ ಕಡೆಗೆ ಒಂದೇ ಥರದ ಕೊಟೇಶನ್ ಕೊಟ್ಟಿದ್ದಾರೆ: ಪ್ರತಿ ಜಾಗಕ್ಕೆ 16 ಕ್ಯಾಮೆರಾ, 12 ಗಂಟೆ ಪಾಳಿಯಲ್ಲಿ ಇಬ್ಬರು ಗಾರ್ಡ್, ಕಾಂಪೌಂಡಿನ ಮೇಲೆ ಕರೆಂಟ್ ತಂತಿ. ಇಷ್ಟು ಸಾಕೇ? ರಾತ್ರಿ ನಾಯಿ ಬಿಟ್ಟರೆ ಉಪಯೋಗವಿದೆಯೇ?

ಉತ್ತರ: ಸಾಲದು. ಕೆಲವು ಕಡೆ ಅದರಲ್ಲಿ ಅರ್ಧ ಬೇಕಾಗಿಯೂ ಇಲ್ಲ. ಕೊಟೇಶನ್ ಬರೆದವರು ಕಾಂಪೌಂಡಿನ ಉದ್ದ ಅಳೆದಿದ್ದಾರೆ, ಒಳಗೇನಿದೆ ಎಂದು ನೋಡಿಲ್ಲ. ಅಕ್ಕಿ ಗಿರಣಿಯ ಮಾಲು ಹೋಗುವುದಾದರೆ ಹಾಡಹಗಲಲ್ಲಿ, ಲಾರಿ ಮೇಲೆ, ಚೀಟಿ ಸಮೇತ ಗೇಟಿನಿಂದಲೇ ಹೋಗುತ್ತದೆ. ಜಿನ್ನಿಂಗ್ ಮಿಲ್ಲಿನಲ್ಲಿ ಕಳ್ಳನಿಗಿಂತ ಬೆಂಕಿಗೆ ಹೆದರಬೇಕು. ಸೋಲಾರ್ ಜಮೀನಿನಲ್ಲಿ ಮನುಷ್ಯರೇ ಇರುವುದಿಲ್ಲ, ಅದೇ ಅಲ್ಲಿಯ ತೊಂದರೆ. ಈ ಮೂರಕ್ಕೂ ಒಂದೇ ಮದ್ದು ಹೇಗೆ ನಾಟೀತು?

ಕಳ್ಳ ಎಲ್ಲಿಂದ ಒಳಗೆ ಬರುತ್ತಾನೆ ಎಂದು ಎಲ್ಲರೂ ಯೋಚಿಸುತ್ತಾರೆ. ಮಾಲು ಯಾವ ದಾರಿಯಲ್ಲಿ ಹೊರಗೆ ಹೋಗಬಹುದು ಎಂದು ಯೋಚಿಸುವವರು ಕಡಿಮೆ. ನಾನು ಗಿರಣಿ, ಗೋದಾಮುಗಳ ಭದ್ರತೆ ಪರಿಶೀಲನೆಗೆ ಹೋದಾಗ ಈ ಎರಡನೆಯದರಿಂದಲೇ ಶುರು ಮಾಡುತ್ತೇನೆ. ಒಂದು ಟನ್ ಅಕ್ಕಿಯನ್ನು ಯಾರೂ ಗೋಡೆ ಹಾರಿಸಿಕೊಂಡು ಹೋಗಲಾರರು, ಅದಕ್ಕೆ ಗೇಟು ಬೇಕು, ವಾಹನ ಬೇಕು, ಒಳಗಿನವರೊಬ್ಬರ ಸಹಿ ಬೇಕು. ತಾಮ್ರದ ಕೇಬಲ್ಲಿಗೆ ಇದ್ಯಾವುದೂ ಬೇಡ. ಮಾಲಿನ ಗುಣ ನೋಡಿಕೊಂಡು ಕಾವಲು ಹಾಕಬೇಕೇ ಹೊರತು ಗೋಡೆಯ ಉದ್ದ ನೋಡಿಕೊಂಡಲ್ಲ.

ಇನ್ನೊಂದು ಲೆಕ್ಕ ಹೊತ್ತಿನದು. ಚೈನ್‌ಲಿಂಕ್ ಬೇಲಿಯನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ ನುಗ್ಗಲು ಒಂದೆರಡು ನಿಮಿಷ ಸಾಕು. ಮುಳ್ಳುಸುರುಳಿ ಇದ್ದರೆ ಅದರ ಮೇಲೆ ಗೋಣಿ ತಾಟು ಎಸೆದು ದಾಟುತ್ತಾರೆ. ಶಟರಿನ ಬೀಗ ಬೋಲ್ಟ್ ಕಟ್ಟರಿಗೆ ನಿಲ್ಲುವುದಿಲ್ಲ. ಇವೆಲ್ಲ ಸೇರಿಸಿದರೂ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಫೋನಿಗೆ ಅಲಾರಂ ಬಂದ ಮೇಲೆ ನಿಮ್ಮವರು ಸ್ಥಳ ಮುಟ್ಟಲು ನಲವತ್ತು ನಿಮಿಷ ಬೇಕಾದರೆ ಆ ಅಲಾರಂ ಕಳುವಾದ ಸುದ್ದಿಯನ್ನು ಬೇಗ ತಿಳಿಸುತ್ತದೆ, ಅಷ್ಟೆ. ತಡೆಯುವ ಹೊತ್ತು ಬಂದು ಮುಟ್ಟುವ ಹೊತ್ತಿಗಿಂತ ಹೆಚ್ಚಿರಬೇಕು. ಇಲ್ಲವೇ ಮುಟ್ಟುವವರು ಹತ್ತಿರದಲ್ಲಿರಬೇಕು. ನಿಮ್ಮ ಕೊಟೇಶನ್ನಿನಲ್ಲಿ ನೋಡುವುದಕ್ಕೆ ಬೇಕಾದಷ್ಟು ದುಡ್ಡು ಇಟ್ಟಿದ್ದಾರೆ, ತಡೆಯುವುದಕ್ಕೆ ಮತ್ತು ಬಂದು ಮುಟ್ಟುವುದಕ್ಕೆ ಹೆಚ್ಚುಕಡಿಮೆ ಏನೂ ಇಟ್ಟಿಲ್ಲ.

ಕಳುವಾದದ್ದು ಸೋಲಾರಿನಲ್ಲಿ, ಅದನ್ನೇ ಮೊದಲು ನೋಡೋಣ. ಪ್ಯಾನೆಲ್ಲಿನಿಂದ ಬರುವ ಡಿಸಿ ಕೇಬಲ್ಲಿನಲ್ಲಿ ಹಗಲು ನೂರಾರು ವೋಲ್ಟ್ ಇರುತ್ತದೆ, ಕೈ ಹಾಕಿದರೆ ಜೀವ ಹೋಗುತ್ತದೆ. ರಾತ್ರಿ ಬಿಸಿಲಿಲ್ಲ, ವೋಲ್ಟೇಜೂ ಇಲ್ಲ. ಕತ್ತರಿಸುವವನಿಗೆ ಇದು ಚೆನ್ನಾಗಿ ಗೊತ್ತು. ಇನ್ವರ್ಟರ್ ಕೂಡ ರಾತ್ರಿ ನಿದ್ದೆ ಹೋಗಿರುವುದರಿಂದ ನಿಮ್ಮ ಮೊಬೈಲಿನ ಆ್ಯಪ್ ಏನನ್ನೂ ಹೇಳುವುದಿಲ್ಲ. ಬೆಳಿಗ್ಗೆ ಬಿಸಿಲು ಬಂದ ಮೇಲೆ ನಾಲ್ಕಾರು ಸ್ಟ್ರಿಂಗ್ (ಒಂದಕ್ಕೊಂದು ಜೋಡಿಸಿದ ಪ್ಯಾನೆಲ್ಲುಗಳ ಸಾಲು) ಸೊನ್ನೆ ತೋರಿಸಿದಾಗಲೇ ವಿಷಯ ತಿಳಿಯುವುದು. ಹೀಗಾಗಿ ಅಲ್ಲಿಗೆ ಬೇಕಾದದ್ದು ಉತ್ಪಾದನೆಯನ್ನು ನಂಬಿಕೊಳ್ಳದ ಸೂಚನೆ. ಕೇಬಲ್ ಜೊತೆಯಲ್ಲೇ ಒಂದು ತೆಳು ತಂತಿ ಎಳೆದು, ಬ್ಯಾಟರಿಯಿಂದ 24 ವೋಲ್ಟ್ ಹರಿಸಿ, ತುದಿಯಲ್ಲಿ ಒಂದು ರಿಲೇ (ಕರೆಂಟ್ ನಿಂತರೆ ತಾನೇ ಬದಲಾಗುವ ಸ್ವಿಚ್) ಮತ್ತು ತಾನೇ ಫೋನು ಮಾಡುವ, ಸಿಮ್ ಹಾಕಿದ ಡಯಲರ್ ಕೂರಿಸಿ. ಕೇಬಲ್ ಕತ್ತರಿಸುವವನು ಈ ತಂತಿಯನ್ನೂ ಕತ್ತರಿಸುತ್ತಾನೆ, ಆ ಗಳಿಗೆಗೇ ಫೋನು ಬರುತ್ತದೆ. ಯಾವುದೇ ಒಳ್ಳೆಯ ಎಲೆಕ್ಟ್ರಿಷಿಯನ್ ಮಾಡಿಕೊಡಬಲ್ಲ ಕೆಲಸ, ಒಂದು ಕ್ಯಾಮೆರಾಕ್ಕಿಂತ ಹೆಚ್ಚು ಖರ್ಚಿಲ್ಲ.

ತಡೆಯುವುದಕ್ಕೆ ದಾರಿ: ಮುಖ್ಯ ಡಿಸಿ ಕೇಬಲನ್ನು ಸ್ಟ್ರಕ್ಚರಿಗೆ ಕಟ್ಟಿ ತೂಗುಬಿಡಬೇಡಿ, ನೆಲದೊಳಗೆ ಹಾಕಿ, ಮೇಲೆ ಮರಳು, ಅದರ ಮೇಲೆ ಕಲ್ಲುಚಪ್ಪಡಿ ಮುಚ್ಚಿ. ಹೊಸದಾಗಿ ಎಳೆಯುವಾಗ ಮುಖ್ಯ ಕೇಬಲಿಗೆ ಅಲ್ಯುಮಿನಿಯಂ ಆಗುತ್ತದೆಯೇ ಎಂದು ಡಿಸೈನ್ ಮಾಡಿದವರನ್ನು ಕೇಳಿ. ಅರ್ಥಿಂಗಿಗೆ ತಾಮ್ರದ ಪಟ್ಟಿ ಇದ್ದರೆ ತೆಗೆದು ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿ ಹಾಕಿಸಿ. ಗುಜರಿಯಲ್ಲಿ ತಾಮ್ರಕ್ಕೆ ಸಿಗುವ ಬೆಲೆ ಇವಕ್ಕೆ ಸಿಗುವುದಿಲ್ಲ, ಶ್ರಮ ಮಾತ್ರ ಅಷ್ಟೇ. ಪ್ಯಾನೆಲ್ಲುಗಳಿಗೆ ತಲೆ ಮುರಿದು ಹೋಗುವ ನಟ್ಟು ಬರುತ್ತದೆ, ಒಮ್ಮೆ ಬಿಗಿದರೆ ಸಾಮಾನ್ಯ ಸ್ಪ್ಯಾನರಿಗೆ ಬಿಚ್ಚುವುದಿಲ್ಲ. ಹೊರಸಾಲಿನ ಪ್ಯಾನೆಲ್ಲುಗಳಿಗಾದರೂ ಅದನ್ನು ಹಾಕಿಸಿ. ಎಲ್ಲ ಪ್ಯಾನೆಲ್ಲಿನ ಸೀರಿಯಲ್ ನಂಬರಿನ ಪಟ್ಟಿ ನಿಮ್ಮ ಹತ್ತಿರ ಇದೆಯೇ? ಇಲ್ಲದಿದ್ದರೆ ಈ ವಾರವೇ ಮಾಡಿಕೊಳ್ಳಿ. ಸಿಕ್ಕಿದ ಮಾಲು ನಿಮ್ಮದೇ ಎಂದು ಪೊಲೀಸರ ಮುಂದೆ ತೋರಿಸಲು, ವಿಮೆ ಕೇಳಲು ಅದು ಬೇಕೇ ಬೇಕು.

ಬೇಲಿ ಸುತ್ತ ಬಳ್ಳಾರಿ ಜಾಲಿ ಬೆಳೆದಿರುತ್ತದೆ, ಆ ಸೀಮೆಯಲ್ಲಿ ಅದು ಬೆಳೆಯದ ಜಾಗವಿಲ್ಲ. ಮುಳ್ಳಿದೆ, ತಾನೇ ಕಾಯುತ್ತದೆ ಎಂದು ಬಿಟ್ಟವರನ್ನು ಬಹಳ ನೋಡಿದ್ದೇನೆ. ಅದು ಕಾಯುವುದಕ್ಕಿಂತ ಮರೆ ಮಾಡುವುದೇ ಹೆಚ್ಚು. ಅದರ ಹಿಂದೆ ಕೂತು ಅರ್ಧ ಗಂಟೆ ಬೇಲಿ ಬಿಚ್ಚಿದರೂ ರಸ್ತೆಗೆ ಕಾಣುವುದಿಲ್ಲ. ಬೇಲಿಯ ಎರಡೂ ಕಡೆ ಒಂದೆರಡು ಮಾರು ಬಯಲು ಬಿಡಿ. ಒಣಹುಲ್ಲಿಗೆ ಬೆಂಕಿ ಬಿದ್ದರೆ ಪ್ಯಾನೆಲ್ಲಿಗೆ ಹಬ್ಬದಂತೆಯೂ ಆಯಿತು.

ಹುಲ್ಲಿನ ವಿಷಯ ಬಂದದ್ದರಿಂದ ಒಂದು ಮಾತು. ಚಳ್ಳಕೆರೆ ಕುರಿ, ಕಂಬಳಿಯ ಸೀಮೆ. ನಿಮ್ಮ ಜಮೀನಿನ ಪಕ್ಕದಲ್ಲಿ ಹಗಲೆಲ್ಲ ಓಡಾಡುವವರು ಕುರಿಗಾಹಿಗಳೇ. ಪ್ಯಾನೆಲ್ ಕೆಳಗಿನ ಹುಲ್ಲನ್ನು ಕುರಿಗೆ ಮೇಯಲು ಬಿಡಿ (ಮೇಕೆ ಬೇಡ, ಅವು ಪ್ಯಾನೆಲ್ ಮೇಲೆ ಹತ್ತುತ್ತವೆ), ಕೇಬಲ್ ಮಾತ್ರ ಬಾಯಿಗೆ, ಕಾಲಿಗೆ ಸಿಗದಂತೆ ಕಟ್ಟಿಸಿ. ನಿಮಗೆ ಹುಲ್ಲು ಕೊಯ್ಯುವ ಕೂಲಿ ಉಳಿಯುತ್ತದೆ, ಅವರಿಗೆ ಮೇವು ಸಿಗುತ್ತದೆ, ಗುರುತಿಲ್ಲದ ಗಾಡಿ ಬಂದು ನಿಂತರೆ ಫೋನು ಮಾಡುವ ಮನುಷ್ಯರು ಸಿಗುತ್ತಾರೆ. ಊರ ಕಾಲುದಾರಿ ನಿಮ್ಮ ಜಮೀನಿನ ಅಂಚಿನಲ್ಲಿದ್ದರೆ ಅದನ್ನು ಮುಚ್ಚಬೇಡಿ. ದಾರಿ ಮುಚ್ಚಿದ ಬೇಲಿ ಉಳಿಯುವುದಿಲ್ಲ. ಚಳ್ಳಕೆರೆ ತಾಲೂಕಿನಲ್ಲೇ ಅಮೃತ ಮಹಲ್ ಕಾವಲುಗಳ (ದನ ಮೇಯುವ ಹುಲ್ಲುಗಾವಲು) ಜಮೀನನ್ನು ರಕ್ಷಣೆ, ಅಣು ಮತ್ತು ಬಾಹ್ಯಾಕಾಶ ಸಂಸ್ಥೆಗಳಿಗೆ ಕೊಟ್ಟಾಗ ಮೇವಿನ ಹಕ್ಕಿನ ಪ್ರಶ್ನೆ ಹಸಿರು ನ್ಯಾಯಮಂಡಳಿಯ ತನಕ ಹೋದದ್ದು ನಿಮಗೆ ನೆನಪಿರಬಹುದು. ಅಂಥ ಸಂಸ್ಥೆಗಳ ಕಾವಲಿನ ರೀತಿಯೇ ಬೇರೆ, ಅಲ್ಲಿ ಸರ್ಕಾರದ ಪಡೆಯೇ ಇರುತ್ತದೆ. ಐದೆಕರೆ ಜಮೀನಿನವರಿಗೆ ಸುತ್ತಲಿನವರ ಸ್ನೇಹವೇ ಮೊದಲ ಕಾವಲು.

ಇಷ್ಟು ಮಾಡಿದರೆ ಅಲ್ಲಿ 16 ಕ್ಯಾಮೆರಾ ಬೇಡ. ಇನ್ವರ್ಟರ್ ಕೋಣೆಗೆ ಒಂದು, ಗೇಟಿಗೆ ಒಂದು, ಎದುರುಬದುರು ಮೂಲೆಗಳಿಗೆ ಎರಡು ಸಾಕು, ಬ್ಯಾಟರಿ ಮತ್ತು ಸಿಮ್ ಇರುವಂಥವು. ಇಬ್ಬರು ಗಾರ್ಡುಗಳ ಬದಲು ಹತ್ತಿರದ ಹಳ್ಳಿಯ ಒಂದು ಕುಟುಂಬ ಅಲ್ಲೇ ವಾಸವಿರುವಂತೆ ಒಂದು ಒಳ್ಳೆಯ ಮನೆ ಕಟ್ಟಿಸಿಕೊಡುವುದು ನನ್ನ ಸಲಹೆ. ನೀರು, ಶೌಚಾಲಯ, ಕರೆಂಟು ಇರಬೇಕು, ತಗಡಿನ ಗೂಡು ಆಗಬಾರದು. ಬಂದು ಮುಟ್ಟುವ ಹೊತ್ತು ಆಗ ಐದು ನಿಮಿಷಕ್ಕೆ ಇಳಿಯುತ್ತದೆ. ಅವರ ಕೆಲಸ ಕಳ್ಳರ ಮೇಲೆ ಬೀಳುವುದಲ್ಲ, ದೀಪ ಹಾಕಿ, ಸೈರನ್ ಒತ್ತಿ, 112ಕ್ಕೂ ನಿಮಗೂ ಫೋನು ಮಾಡುವುದು. ಇದನ್ನು ಬಾಯಿ ಬಿಟ್ಟು ಹೇಳಿಡಿ. ಕೇಬಲ್ಲಿಗೋಸ್ಕರ ಯಾರೂ ತಲೆ ಒಡೆಸಿಕೊಳ್ಳಬಾರದು.

ಈಗ ಅಕ್ಕಿ ಗಿರಣಿ. ಇಲ್ಲಿ ನಿಮ್ಮ ಕಾವಲು ಇರಬೇಕಾದದ್ದು ವೇಬ್ರಿಜ್ (ಲಾರಿ ತೂಗುವ ಕಾಟಾ) ಮತ್ತು ಗೇಟಿನ ನಡುವೆ. ಮಾಲು ಒಳಗೆ ಬರುವಾಗ ಒಂದು ಥರ ಮೋಸ, ಹೊರಗೆ ಹೋಗುವಾಗ ಇನ್ನೊಂದು ಥರ. ಮೆಕ್ಕೆಜೋಳ ತುಂಬಿ ಬಂದ ಲಾರಿ ತೂಕ ಹಾಕುವಾಗ ಕ್ಯಾಬಿನ್ನಿನಲ್ಲಿ ಮೂರು ಜನ ಕೂತಿರುತ್ತಾರೆ, ನೀರಿನ ಡ್ರಮ್ಮು ತುಂಬಿರುತ್ತದೆ. ಖಾಲಿ ಲಾರಿ ತೂಕ ಹಾಕುವಾಗ ಜನ ಇಳಿದಿರುತ್ತಾರೆ, ನೀರು ಚೆಲ್ಲಿರುತ್ತದೆ, ಸ್ಟೆಪ್ನಿ, ಜಾಕ್, ತಾಡಪಾಲು ಎಲ್ಲೋ ಇಳಿದಿರುತ್ತವೆ. ಆ ವ್ಯತ್ಯಾಸಕ್ಕೆಲ್ಲ ನೀವು ಮೆಕ್ಕೆಜೋಳದ ದರ ಕೊಟ್ಟಿರುತ್ತೀರಿ. ಅಕ್ಕಿ ಹೊರಗೆ ಹೋಗುವಾಗ ಇದೇ ಆಟ ತಿರುವುಮುರುವು: ಖಾಲಿ ಲಾರಿಯನ್ನು ಭಾರ ಮಾಡಿ ತೂಗಿಸಿ, ಆಮೇಲೆ ಭಾರ ಇಳಿಸಿ, ಆ ಜಾಗಕ್ಕೆ ನಾಲ್ಕು ಚೀಲ ಹೆಚ್ಚು ತುಂಬಿಸುತ್ತಾರೆ. ಚೀಟಿ ಸರಿಯಾಗಿಯೇ ಇರುತ್ತದೆ. ನಿಮ್ಮ 16 ಕ್ಯಾಮೆರಾಗಳೂ ಇದನ್ನೆಲ್ಲ ನೋಡಿರುತ್ತವೆ, ಆದರೆ ಯಾವುದೂ ಏನೂ ಹೇಳುವುದಿಲ್ಲ.

ಇದಕ್ಕೆ ಮದ್ದು ಪದ್ಧತಿ. ತೂಕದ ಹೊತ್ತಿಗೆ ಕ್ಯಾಬಿನ್ನಿನಲ್ಲಿ ಯಾರೂ ಇರಬಾರದು, ಎರಡೂ ಸಲ, ಚಾಲಕ ಕೂಡ ಇಳಿದು ನಿಲ್ಲಬೇಕು. ಎರಡೂ ಸಲ ಲಾರಿಯ ಒಂದು ಫೋಟೋ ಚೀಟಿಯ ಜೊತೆ ಸೇರಬೇಕು. ತೂಕದ ನಂತರ ನೇರ ಗೇಟಿಗೆ ಬರಬೇಕು, ನಡುವೆ ಎಲ್ಲೂ ನಿಲ್ಲುವಂತಿಲ್ಲ. ವೇಬ್ರಿಜ್ಜಿನ ತಂತಿಗಳು ಸೇರುವ ಜಂಕ್ಷನ್ ಬಾಕ್ಸಿಗೆ ಹಾಕಿದ ಸೀಲನ್ನು ವಾರಕ್ಕೊಮ್ಮೆ ನೀವೇ ನೋಡಿ. ಅದರೊಳಗೆ ಚಿಕ್ಕದೊಂದು ಉಪಕರಣ ಅಡಗಿಸಿ, ರಿಮೋಟಿನಿಂದ ತೂಕ ಏರಿಳಿಸುವ ಮೋಸ ದೇಶದ ಹಲವು ಕಡೆ ಸಿಕ್ಕಿಬಿದ್ದಿದೆ. ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ವರ್ಷಕ್ಕೊಮ್ಮೆ ಪರಿಶೀಲನೆ, ಮುದ್ರೆ ಹೇಗೂ ಕಡ್ಡಾಯ. ಆಗಾಗ ಯಾವುದೋ ಒಂದು ಲಾರಿಯನ್ನು ಮುಂಚೆ ಹೇಳದೆ ಬೇರೆ ಕಾಟಾಕ್ಕೆ ಕಳಿಸಿ ನೋಡಿ.

ಎಲ್ಲಕ್ಕಿಂತ ದೊಡ್ಡದು, ತುಂಬಿಸುವವರು, ಬರೆಯುವವರು, ಬಿಡುವವರು ಮೂವರೂ ಬೇರೆಬೇರೆ ಜನ ಆಗಿರಬೇಕು, ಒಬ್ಬರ ಕೈಕೆಳಗೆ ಮೂವರೂ ಇರಬಾರದು. ಗೇಟಿನ ಗಾರ್ಡ್ ಗೋದಾಮಿನ ಮ್ಯಾನೇಜರ್ ಹೇಳಿದಂತೆ ಕೇಳುವವನಾದರೆ ನಿಮಗೆ ಗೇಟೇ ಇಲ್ಲ ಎಂದು ಲೆಕ್ಕ. ಅವನು ನಿಮಗೆ ನೇರವಾಗಿ ಉತ್ತರ ಕೊಡಬೇಕು. ಗೇಟ್ ಪಾಸಿನ ಒಂದು ಪ್ರತಿ ಗೇಟಿನಲ್ಲೇ ಉಳಿದು, ಸಂಜೆ ಅದು ಸೀದಾ ನಿಮ್ಮ ಟೇಬಲ್ಲಿಗೆ ಬರಬೇಕು, ಬಿಲ್ಲಿನ ಜೊತೆ ನೀವೇ ಹೊಂದಿಸಿ ನೋಡಬೇಕು. ಚೀಲ ಎಣಿಸುವ ಅಧಿಕಾರ ಗಾರ್ಡಿಗೆ ಇರಬೇಕು. ನಿಮ್ಮ ಕಾರಿನ ಡಿಕ್ಕಿಯನ್ನೂ ಅವನು ತೆಗೆಸಿ ನೋಡಲಿ. ಮಾಲೀಕರ ಕಾರು ತಪಾಸಣೆಯಾಗುವ ಗಿರಣಿಯಲ್ಲಿ ಬೇರೆ ಯಾರೂ ತಪಾಸಣೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಹೆಣ್ಣುಮಕ್ಕಳು ಬಹಳ ಜನ ಕೆಲಸ ಮಾಡುವ ಜಾಗ ಅದು. ಅವರ ಚೀಲ, ಮೈ ತಪಾಸಣೆ ಹೆಂಗಸು ಗಾರ್ಡೇ ಮರೆಯಲ್ಲಿ ಮಾಡಬೇಕು, ಇದರಲ್ಲಿ ರಿಯಾಯಿತಿ ಇಲ್ಲ.

ಕ್ಯಾಮೆರಾ ಬೇಕಾದದ್ದು ಇಲ್ಲಿ. ಎಷ್ಟು ಎನ್ನುವುದಕ್ಕಿಂತ ಒಂದೊಂದು ಎಷ್ಟು ಅಗಲ ನೋಡುತ್ತದೆ ಎನ್ನುವುದು ಮುಖ್ಯ. 2014ರ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಗುರುತಿಲ್ಲದ ಮುಖವನ್ನು ಖಚಿತವಾಗಿ ಗುರುತಿಸಲು ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ (ಚಿತ್ರದ ಚುಕ್ಕೆ) ಬೇಕು. ಪರಿಚಿತನನ್ನು ಇಂಥವನೇ ಎನ್ನಲು 125, ಯಾರೋ ಇದ್ದಾರೆ ಎಂದಷ್ಟೇ ತಿಳಿಯಲು 25. ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 1920 ಪಿಕ್ಸೆಲ್ ಅಗಲ. 250ರಿಂದ ಭಾಗಿಸಿ: ಏಳೂವರೆ ಮೀಟರ್ ಚಿಲ್ಲರೆ. ಅಷ್ಟಗಲದ ಗೇಟನ್ನಷ್ಟೇ ಅದು ಮುಖ ಗುರುತು ಸಿಗುವಂತೆ ತೋರಿಸೀತು. ಅದೇ ಕ್ಯಾಮೆರಾವನ್ನು ಎತ್ತರದ ಕಂಬಕ್ಕೆ ಹಾಕಿ ಇಡೀ ಅಂಗಳ ಕಾಣುವಂತೆ ತಿರುಗಿಸಿದರೆ ಕಾಣುವುದು ಓಡಾಡುವ ಚುಕ್ಕೆಗಳು ಮಾತ್ರ. ಪ್ರತಿ ಕ್ಯಾಮೆರಾದ ಎದುರಿಗೆ ಇದು ಗುರುತು ಹಿಡಿಯಲೋ, ಬರೀ ಚಲನೆ ತಿಳಿಯಲೋ ಎಂದು ಬರೆದುಕೊಡಿ ಎಂದು ಏಜೆನ್ಸಿಯವರನ್ನು ಕೇಳಿ. ಲಾರಿ ನಂಬರಿಗೆ ಇಡುವ ಕ್ಯಾಮೆರಾ ತಗ್ಗಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕಿಗೆ ನೇರ ಎದುರಾಗಬಾರದು.

ರೆಕಾರ್ಡಿಂಗಿನ ಲೆಕ್ಕವನ್ನೂ ನೀವೇ ಮಾಡಬಹುದು. ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಬರೆದರೆ ದಿನಕ್ಕೆ ಸುಮಾರು 21.6 ಜಿಬಿ. ಎಂಟು ಕ್ಯಾಮೆರಾ, ಮೂವತ್ತು ದಿನ ಎಂದರೆ 5 ಟಿಬಿಗಿಂತ ಸ್ವಲ್ಪ ಹೆಚ್ಚು. ಕೊಟೇಶನ್ನಿನಲ್ಲಿ 16 ಕ್ಯಾಮೆರಾಕ್ಕೆ 1 ಟಿಬಿ ಹಾರ್ಡ್‌ಡಿಸ್ಕ್ ಬರೆದಿದ್ದರೆ ಮೂರು ದಿನಕ್ಕೆ ಹಳೆಯದು ಅಳಿಸಿಹೋಗುತ್ತದೆ. ತೂಕದ ಮೋಸ ಗೊತ್ತಾಗುವುದು ತಿಂಗಳ ಸ್ಟಾಕ್ ಹೊಂದಿಸುವಾಗ. ರೆಕಾರ್ಡರ್ ಪೆಟ್ಟಿಗೆ ಗೇಟಿನ ಕೋಣೆಯಲ್ಲಿ ಬೇಡ, ಬೀಗವಿರುವ ಬೇರೆ ಕೋಣೆಯಲ್ಲಿರಲಿ. ತಿಂಗಳಿಗೊಮ್ಮೆ ಹದಿನೈದು ದಿನ ಹಿಂದಿನ ಒಂದು ಗಂಟೆಯನ್ನು ತೆಗೆದು ನೋಡಿ. ಗಡಿಯಾರ ಸರಿಯಿದೆಯೇ, ಮಸೂರದ ಮೇಲೆ ಹೊಟ್ಟಿನ ದೂಳು ಕೂತಿದೆಯೇ ಎಂದು ಆಗ ಗೊತ್ತಾಗುತ್ತದೆ. ಅಕ್ಕಿ ಗಿರಣಿಯಲ್ಲಿ ಆ ದೂಳು ವಾರದಲ್ಲೇ ಕೂರುತ್ತದೆ.

ಗೋದಾಮಿನ ಬಗ್ಗೆ ಎಚ್ಚರಿಕೆಯ ಒಂದು ಮಾತು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೆಕ್ಕೆಜೋಳಕ್ಕೆ ಹುಳ ಬೀಳದಂತೆ ತಾಡಪಾಲು ಮುಚ್ಚಿ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆ ಇಡುತ್ತಾರೆ. ಅದರಿಂದ ಬರುವ ಫಾಸ್ಫೀನ್ ಅನಿಲ ಹುಳವನ್ನು ಕೊಲ್ಲುವಂತೆಯೇ ಮನುಷ್ಯನನ್ನೂ ಕೊಲ್ಲುತ್ತದೆ. ಮಳೆ, ಚಳಿ ಎಂದು ವಾಚ್‌ಮನ್ ಗೋದಾಮಿನ ಬಾಗಿಲ ಬಳಿಯೋ, ಒಳಗಿನ ಚೀಲಗಳ ಮೇಲೋ ಮಲಗುವುದು ನಮ್ಮ ಕಡೆ ಮಾಮೂಲು. ಮಾತ್ರೆ ಇಟ್ಟ ದಿನದಿಂದ ಗಾಳಿ ಆಡಿಸಿ ಮುಗಿಯುವ ತನಕ ಯಾರೂ ಅಲ್ಲಿ ಮಲಗಬಾರದು. ಬಾಗಿಲ ಮೇಲೆ ತಾರೀಕು ಹಾಕಿದ ಕೆಂಪು ಫಲಕ ಇರಲಿ. ರಾತ್ರಿ ಪಾಳಿಯವನಿಗೆ ಓದಲು ಬರುವುದೇ ಎಂದು ಕೇಳಿ, ಬಾರದಿದ್ದರೆ ಬಾಯಲ್ಲಿ ಹೇಳಿ. ಗೋದಾಮಿನ ಗೋಡೆಗೆ ಒತ್ತಿಕೊಂಡು ಕಾವಲು ಕೋಣೆ ಕಟ್ಟಿಸಬೇಡಿ.

ಜಿನ್ನಿಂಗ್ ಮಿಲ್ಲಿಗೆ ಬರೋಣ. ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಹುಟ್ಟಿದ್ದಕ್ಕೆ ಕಾರಣ ಕಳ್ಳತನವಲ್ಲ. ರಾಂಚಿಯ ಹೆವಿ ಎಂಜಿನಿಯರಿಂಗ್ ಕಾರ್ಪೊರೇಷನ್ನಿನಲ್ಲಿ 1964ರಲ್ಲಿ ದೊಡ್ಡ ಬೆಂಕಿ ಬಿತ್ತು, ಅದರ ವಿಚಾರಣೆಯ ಶಿಫಾರಸಿನಿಂದ 1968ರಲ್ಲಿ ಕಾಯ್ದೆ ಬಂತು, 1969ರ ಮಾರ್ಚಿನಲ್ಲಿ ಪಡೆ ಶುರುವಾಯಿತು. ಅದಕ್ಕೆ ಇಂದಿಗೂ ತನ್ನದೇ ಅಗ್ನಿಶಾಮಕ ವಿಭಾಗವಿದೆ. ಕಾರ್ಖಾನೆಯ ಕಾವಲು ಎಂದರೆ ಬೆಂಕಿಯ ಕಾವಲೂ ಹೌದು ಎಂಬುದು ನಮ್ಮ ದೇಶದಲ್ಲಿ ಮೊದಲಿಂದ ಇರುವ ತಿಳಿವಳಿಕೆ. ನಿಮ್ಮ ಜಿನ್ನಿಂಗ್ ಮಿಲ್ಲಿನ ಕೊಟೇಶನ್ನಿನಲ್ಲಿ ಬೆಂಕಿಯ ಹೆಸರೇ ಇಲ್ಲ.

ಹತ್ತಿಯೊಳಗೆ ಸಿಕ್ಕ ಒಂದು ಕಬ್ಬಿಣದ ಚೂರು, ಒಂದು ಕಲ್ಲು ಯಂತ್ರಕ್ಕೆ ಬಡಿದು ಕಿಡಿ ಹಾರಿದರೆ ಸಾಕು. ಆ ಕಿಡಿ ಅರಳೆಯ ಜೊತೆ ಪ್ರೆಸ್ಸಿಗೆ ಹೋಗಿ 170 ಕಿಲೋದ ಬೇಲಿನೊಳಗೆ (ಬೇಲು ಎಂದರೆ ಒತ್ತಿ ಕಟ್ಟಿದ ಹತ್ತಿಯ ದೊಡ್ಡ ಗಂಟು) ಅಮುಕಿಕೊಂಡು ಕೂರುತ್ತದೆ. ಹೊರಗೆ ಹೊಗೆಯಿಲ್ಲ, ವಾಸನೆಯಿಲ್ಲ. ಗಂಟೆಗಳ ನಂತರ, ಕೆಲವೊಮ್ಮೆ ದಿನಗಳ ನಂತರ ಅದು ಹೊರಗೆ ಬರುತ್ತದೆ, ಅಷ್ಟರಲ್ಲಿ ಬೇಲು ಗೋದಾಮಿನ ನಡುವೆ ಸೇರಿರುತ್ತದೆ. ಜಿನ್ನಿನಲ್ಲಿ ಯಾವತ್ತಾದರೂ ಚಿಕ್ಕ ಬೆಂಕಿ ಕಂಡಿದ್ದರೆ ಆ ದಿನದ ಬೇಲುಗಳನ್ನೆಲ್ಲ ಅಂಗಳದ ಒಂದು ಮೂಲೆಯಲ್ಲಿ ಬೇರೆ ಇಟ್ಟು, ಕೆಲವು ದಿನ ಕಾದು ಒಳಗೆ ಸೇರಿಸಿ. ರಾತ್ರಿ ಸುತ್ತುವ ಗಾರ್ಡಿಗೆ ಬೇಲಿನ ಮೈಗೆ ಅಂಗೈ ಇಟ್ಟು ನೋಡುವ ಅಭ್ಯಾಸ ಕಲಿಸಿ, ಬಿಸಿ ಕೈಗೆ ತಿಳಿಯುತ್ತದೆ. ಬಿಡಿ ಹತ್ತಿಯ ಗುಡ್ಡೆಗಳ ನಡುವೆ ಟ್ಯಾಂಕರ್ ಹೋಗುವಷ್ಟು ದಾರಿ ಬಿಡಿ. ಹತ್ತಿ ತಂದ ಟ್ರ್ಯಾಕ್ಟರು, ಲಾರಿ ಗುಡ್ಡೆಗೆ ಬೆನ್ನು ಕೊಟ್ಟು ಎಂಜಿನ್ ಚಾಲೂ ಇಟ್ಟು ನಿಲ್ಲಬಾರದು, ಸೈಲೆನ್ಸರಿನ ಕಿಡಿ ಸಾಕು.

ಗೇಟಿನಲ್ಲಿ ಬೀಡಿ, ಬೆಂಕಿಪೊಟ್ಟಣ, ಲೈಟರ್ ಇಳಿಸಿಕೊಳ್ಳಬೇಕು. ಅದರ ಜೊತೆಗೆ, ಹೊರಗೆ ದೂರದಲ್ಲಿ ಒಂದು ನೆರಳು, ಮರಳಿನ ತೊಟ್ಟಿ, ಹತ್ತು ನಿಮಿಷದ ಬಿಡುವು ಕೊಡಿ. ಬೀಡಿ ಸೇದಲು ಜಾಗವೇ ಕೊಡದ ಮಿಲ್ಲಿನಲ್ಲಿ ಬೇಲಿನ ಹಿಂದೆ ನಿಂತು ಸೇದುತ್ತಾರೆ. ಕೊಟ್ಟ ಮಿಲ್ಲಿನಲ್ಲಿ ಅವರೇ ಒಬ್ಬರನ್ನೊಬ್ಬರು ಗದರುತ್ತಾರೆ.

ಬಾಗಿಲ ವಿಷಯ. ರಾತ್ರಿ ಪಾಳಿ ನಡೆಯುವಾಗ ಮಾಲು ಹೋಗಬಾರದೆಂದು ಹಿಂಬಾಗಿಲಿಗೆ ಹೊರಗಿನಿಂದ ಬೀಗ ಹಾಕುವ ರೂಢಿ ಇದ್ದರೆ ಇವತ್ತೇ ನಿಲ್ಲಿಸಿ. ಒಳಗೆ ಒಬ್ಬ ಮನುಷ್ಯ ಇರುವ ತನಕ ಹೊರಹೋಗುವ ಬಾಗಿಲು ಒಳಗಿನಿಂದ ಒಂದೇ ತಳ್ಳಿಗೆ ತೆರೆಯಬೇಕು. ಕಾನೂನು ಹೇಳುವುದೂ ಅದನ್ನೇ, ಮನಸ್ಸಾಕ್ಷಿ ಹೇಳುವುದೂ ಅದನ್ನೇ. ಮಾಲಿನ ಭಯವಿದ್ದರೆ ಬಾಗಿಲು ತೆರೆದ ಕೂಡಲೇ ಗಂಟೆ ಹೊಡೆಯುವ ಒಂದು ಸ್ವಿಚ್ ಹಾಕಿಸಿ. ಕಾವಲು ಮತ್ತು ಜೀವ ಎದುರುಬದುರಾದಾಗ ಜೀವದ ಕಡೆಗೇ ನಿಲ್ಲಬೇಕು.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದಿದ್ದರೂ ನಮ್ಮ ಎರಡು ಜಿಲ್ಲೆಗಳಲ್ಲಿ ಬೇರೆ ಬಗೆಯ ಘಟಕಗಳೂ ಬಹಳ ಇವೆ, ಅವರಿಗಾಗಿ ಎರಡು ಮಾತು. ಹೆಕ್ಸೇನ್ ಎಂಬ ಬೇಗ ಹೊತ್ತಿಕೊಳ್ಳುವ ದ್ರಾವಕ ಹಾಕಿ ಎಣ್ಣೆ ತೆಗೆಯುವ ಸಾಲ್ವೆಂಟ್ ಘಟಕದಲ್ಲಿ ಆವಿ ಗಾಳಿಗಿಂತ ಭಾರ, ನೆಲಕ್ಕೆ ಹತ್ತಿ ತಗ್ಗಿಗೆ ಹರಿಯುತ್ತದೆ. ಗಾರ್ಡಿನ ಕೋಣೆ ತಗ್ಗಿನಲ್ಲಿರಬಾರದು, ಅವನ ಟಾರ್ಚು ಕಿಡಿ ಹಾರದ ಬಗೆಯದ್ದೇ ಆಗಬೇಕು, ಮೊಬೈಲು ಗೇಟು ದಾಟಿ ಒಳಗೆ ಹೋಗಬಾರದು. ಗಣಿ, ಕ್ವಾರಿಯವರ ಸ್ಫೋಟಕದ ಮ್ಯಾಗಜಿನ್ (ಸ್ಫೋಟಕ ಇಡುವ ಉಗ್ರಾಣ) ಮಾತು ಇನ್ನೂ ಗಂಭೀರ. 2021ರ ಜನವರಿಯಲ್ಲಿ ಶಿವಮೊಗ್ಗದ ಹತ್ತಿರ ಹುಣಸೋಡಿನ ಕ್ರಷರಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿದು ಹೋದ ಜೀವಗಳನ್ನು ನಾವು ಮರೆಯಬಾರದು. ಅಲ್ಲಿ ಲೈಸೆನ್ಸು, ಸ್ಟಾಕ್ ಪುಸ್ತಕ, ಎರಡು ಬೀಗ, ಇಬ್ಬರ ಕೈಯಲ್ಲಿ ಒಂದೊಂದು ಕೀಲಿ, ಇದರಲ್ಲಿ ಒಂದನ್ನೂ ಬಿಡುವಂತಿಲ್ಲ. ಇನ್ನು ಬಾಗಿಲು ಮುಚ್ಚಿದ ಹಳೇ ಗಿರಣಿಗಳು ದಾವಣಗೆರೆ, ಹರಿಹರದ ಜನಕ್ಕೆ ಹೊಸದೇನಲ್ಲ. ಉತ್ಪಾದನೆ ನಿಂತ ಮರುದಿನದಿಂದಲೇ ಮೋಟಾರಿನ ತಾಮ್ರ ಬಿಚ್ಚುವುದು ಶುರುವಾಗುತ್ತದೆ. ಮುಚ್ಚುವುದೇ ಆದರೆ ಬೆಲೆಬಾಳುವ ಮೋಟಾರು, ಪ್ಯಾನೆಲ್ ಬೋರ್ಡುಗಳನ್ನು ಒಂದೇ ಕೋಣೆಗೆ ಸೇರಿಸಿ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿಬಿಡುವುದು ನಾಲ್ವರು ಗಾರ್ಡುಗಳಿಗಿಂತ ಮೇಲು.

ಕರೆಂಟ್ ತಂತಿಯ ವಿಷಯ ಖಡಾಖಂಡಿತ ಹೇಳುತ್ತೇನೆ. ಏಜೆನ್ಸಿಯವರು ಬೆಸ್ಕಾಂ ಲೈನಿನ ಕರೆಂಟನ್ನು ನೇರ ತಂತಿಗೆ ಕೊಡುವ ಮಾತಾಡುತ್ತಿದ್ದರೆ ಅವರನ್ನು ಗೇಟಿನಿಂದಲೇ ವಾಪಸ್ ಕಳಿಸಿ. ಅದು ಅಪರಾಧ. ಸಾಯುವವರು ಕಳ್ಳರಲ್ಲ, ಚೆಂಡು ಹುಡುಕಿಕೊಂಡು ಬಂದ ಮಕ್ಕಳು, ದನ, ನಿಮ್ಮದೇ ಹಮಾಲರು. ಎನರ್ಜೈಸರ್ ಹಾಕಿ ಸೆಕೆಂಡಿಗೊಮ್ಮೆ ಕ್ಷಣಮಾತ್ರದ ಹೊಡೆತ ಕೊಡುವ, ಮಾನದಂಡಕ್ಕೆ ಸರಿಯಾದ ಬೇಲಿ ಬೇರೆ. ಅದು ಸೋಲಾರಿಗೆ ಆಗಬಹುದು, ಎಚ್ಚರಿಕೆ ಫಲಕಗಳ ಸಮೇತ. ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಹಾರಾಡುವ ಅಂಗಳದ ಸುತ್ತ ಕಿಡಿ ಹಾರಬಹುದಾದ ಯಾವ ತಂತಿಯನ್ನೂ ನಾನು ಒಪ್ಪುವುದಿಲ್ಲ. ಆ ದುಡ್ಡಿಗೆ ಚರಂಡಿ ಹೊರಹೋಗುವ ಮೋರಿಗಳಿಗೆ ಕಬ್ಬಿಣದ ಸರಳು ಹಾಕಿಸಿ. ಎಂಟಡಿ ಗೋಡೆ ಕಟ್ಟಿ ಒಂದೂವರೆ ಅಡಿ ಮೋರಿಯನ್ನು ಹಾಗೇ ಬಿಟ್ಟ ಕಾಂಪೌಂಡುಗಳು ನಮ್ಮಲ್ಲಿ ಬೇಕಾದಷ್ಟಿವೆ.

ಕೊನೆಗೆ ಗಾರ್ಡುಗಳು, ಗಾರ್ಡ್ ಇಡುವ ಕಡೆಗೆಲ್ಲ ಸಲ್ಲುವ ಮಾತು ಇದು. 12 ಗಂಟೆ ಪಾಳಿಗೆ ನನ್ನ ಒಪ್ಪಿಗೆ ಇಲ್ಲ. ಹನ್ನೆರಡು ಗಂಟೆ ನಿಂತವನು ಬೆಳಗಿನ ಜಾವ ಎರಡರಿಂದ ನಾಲ್ಕರ ನಡುವೆ ತೂಕಡಿಸದೆ ಇರಲಾರ, ಅದು ದೇಹದ ಧರ್ಮ. ಎಂಟು ಗಂಟೆಯ ಮೂರು ಪಾಳಿ ಮಾಡಿ, ಊಟದ ಹೊತ್ತಿಗೆ ಬದಲಿ ಮನುಷ್ಯ ಯಾರೆಂದು ಹೆಸರು ಬರೆದಿಡಿ. ಚಿತ್ರದುರ್ಗದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಏಳು ಸುತ್ತಿನ ಕೋಟೆಗೆ ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳಿದ್ದು ಕಾವಲಿನವನು ಊಟಕ್ಕೆ ಮನೆಗೆ ಹೋದ ಹೊತ್ತಿನಲ್ಲಿ. ಆ ಹೊತ್ತು ನೀರಿಗೆ ಹೋದ ಓಬವ್ವ ಇದ್ದಳು, ಒನಕೆ ಹಿಡಿದು ನಿಂತಳು ಎಂದು ನಮ್ಮವರು ಹೇಳುತ್ತಾ ಬಂದಿದ್ದಾರೆ. ನಿಮ್ಮ ಗಿರಣಿಗೆ ಮಧ್ಯಾಹ್ನ ಒಂದೂವರೆಯಿಂದ ಎರಡೂವರೆವರೆಗೆ ಯಾರಿದ್ದಾರೆ ಎಂದು ನೋಡಿಕೊಳ್ಳಿ. ಪಾಳಿ ಬದಲಾಗುವ ಕಾಲು ಗಂಟೆಯನ್ನೂ ನೋಡಿಕೊಳ್ಳಿ, ಹೋಗುವವನೂ ಬರುವವನೂ ಇಬ್ಬರೂ ಇರುವಂತೆ ಪಾಳಿಗಳು ಒಂದರ ಮೇಲೊಂದು ಸ್ವಲ್ಪ ಬೀಳಲಿ.

ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪ್ರಕಾರ ಲೈಸೆನ್ಸ್ ಇರಲೇಬೇಕು, ಪ್ರತಿ ತೆಗೆದುಕೊಳ್ಳಿ. ಆ ಕಾಯ್ದೆಯ ಮಾದರಿ ನಿಯಮದಲ್ಲಿ ಗಾರ್ಡಿಗೆ 100 ಗಂಟೆ ತರಗತಿ, 60 ಗಂಟೆ ಬಯಲು ತರಬೇತಿ ಹೇಳಿದೆ, ಮಾಜಿ ಸೈನಿಕರಿಗೆ, ಪೊಲೀಸರಿಗೆ ಕಡಿಮೆ. ತರಬೇತಿ ಪತ್ರ ತೋರಿಸಿ ಎನ್ನಿ. ಪ್ರತಿ ತಿಂಗಳ ಪಿಎಫ್, ಇಎಸ್‌ಐ ಚಲನ್ ನೋಡದೆ ಬಿಲ್ಲು ಕೊಡಬೇಡಿ, ಅವರು ಸಂಬಳ ಕೊಡದಿದ್ದರೆ ಹೊಣೆ ನಿಮ್ಮ ಮೇಲೆ ಬರುತ್ತದೆ. ಕೊಟೇಶನ್ನಿನ ಮೊತ್ತವನ್ನು ಪಾಳಿಗೆ ಭಾಗಿಸಿ. ಕನಿಷ್ಠ ವೇತನಕ್ಕೂ ಕಡಿಮೆ ಬಂದರೆ ಆ ಗಾರ್ಡ್ ಹಗಲು ಇನ್ನೆಲ್ಲೋ ದುಡಿದು ರಾತ್ರಿ ನಿಮ್ಮಲ್ಲಿ ಮಲಗಲು ಬರುತ್ತಾನೆ, ತಪ್ಪು ಅವನದಲ್ಲ. ಅವನಿಗೆ ಕುಡಿಯುವ ನೀರು, ಶೌಚಾಲಯ, ಮಳೆಕೋಟು, ಒಳ್ಳೆಯ ಟಾರ್ಚು ಕೊಡಿ. ರಾತ್ರಿ ಕಾವಲು ಕೋಣೆಯೊಳಗಿನ ದೀಪ ಮಂದವಾಗಿರಲಿ, ಹೊರಗಿನದು ಜೋರಾಗಿರಲಿ. ಒಳಗೆ ಬೆಳಕಿದ್ದರೆ ಅವನಿಗೆ ಕತ್ತಲು ಕಾಣುವುದಿಲ್ಲ, ಕತ್ತಲಲ್ಲಿದ್ದವರಿಗೆ ಅವನು ಚೆನ್ನಾಗಿ ಕಾಣುತ್ತಾನೆ. ಸುತ್ತು ಹಾಕುವ ವೇಳೆ ದಿನಾ ಒಂದೇ ಆಗಬಾರದು.

ನಾಯಿಯ ಬಗ್ಗೆ ಕೇಳಿದ್ದೀರಿ. ಹೌದು, ಉಪಯೋಗವಿದೆ. ಮುಧೋಳ ನಾಯಿ ತರಬೇಕು ಎಂದಿದ್ದರೆ ಬೇಡ, ಅದು ಓಡುವ ನಾಯಿ, ಬೇಟೆಯ ನಾಯಿ, ಗಿರಣಿಯ ಅಂಗಳದಲ್ಲಿ ಕಟ್ಟಿಹಾಕುವುದು ಅದಕ್ಕೆ ಶಿಕ್ಷೆ. ಊರ ನಾಯಿಗಳೇ ಎರಡು ಇರಲಿ, ಚಿಕ್ಕಂದಿನಿಂದ ಅಲ್ಲೇ ಬೆಳೆದರೆ ಹೊಸಬರ ಹೆಜ್ಜೆಗೆ ಬೊಗಳುತ್ತವೆ, ಅಷ್ಟೇ ಸಾಕು. ರೇಬೀಸ್ ಲಸಿಕೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ. ಹಗಲು ಹಮಾಲರು ಓಡಾಡುವಾಗ ಬಿಡಬೇಡಿ. ಗೋದಾಮಿಗೆ ಮಾತ್ರೆ ಇಟ್ಟ ದಿನಗಳಲ್ಲಿ ಅವುಗಳನ್ನೂ ವಾಚ್‌ಮನ್ನನ್ನೂ ಗೇಟಿನ ಕಡೆಗೇ ಇರಿಸಿ.